ಷೇರು ವಹಿವಾಟು ಯಾವಾಗ ವ್ಯಾಪಾರವಾಗುತ್ತದೆ?

ನಮ್ಮಲ್ಲಿ ಹಲವರ ಮನೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ಮೊಬೈಲಿನಲ್ಲೇ ಷೇರು ಕೊಂಡು ಮಾರುತ್ತಾರೆ. "ನನಗೆ ಸಂಬಳವಿದೆ, ಇದೇನು ವ್ಯಾಪಾರವಲ್ಲ" ಎನ್ನುತ್ತಾರೆ. ಆದಾಯ ತೆರಿಗೆ ಇಲಾಖೆ ಯಾವಾಗಲೂ ಹಾಗೆ ನೋಡುವುದಿಲ್ಲ.

ಷೇರನ್ನು ಯಾವ ಉದ್ದೇಶದಿಂದ ಕೊಂಡರು, ಎಷ್ಟು ಕಾಲ ಇಟ್ಟುಕೊಂಡರು, ಎಷ್ಟು ಸಲ ಮಾರಿದರು, ಸಾಲದ ಹಣ ಹಾಕಿದರೇ ಎಂಬುದನ್ನೆಲ್ಲ ಒಟ್ಟಾಗಿ ನೋಡಲಾಗುತ್ತದೆ. 'ಇಷ್ಟು ಸಲ ಮಾರಿದರೆ ವ್ಯಾಪಾರ' ಎಂಬ ಸಂಖ್ಯೆ ಕಾನೂನಿನಲ್ಲಿಲ್ಲ.

ಈ ಗೊಂದಲ ಕಡಿಮೆ ಮಾಡಲು ಕೇಂದ್ರ ನೇರ ತೆರಿಗೆ ಮಂಡಳಿ 2016ರ ಫೆಬ್ರವರಿ 29ರಂದು ಸುತ್ತೋಲೆ ಹೊರಡಿಸಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಷೇರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟು ಮಾರಿ, ಬಂದದ್ದನ್ನು ಬಂಡವಾಳ ಲಾಭವೆಂದು ತೋರಿಸಿದರೆ ಅಧಿಕಾರಿ ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಒಮ್ಮೆ ಹಿಡಿದ ನಿಲುವನ್ನು ಮುಂದಿನ ವರ್ಷಗಳಲ್ಲಿ ಬದಲಿಸುವಂತಿಲ್ಲ.

ಡೆಲಿವರಿ ಪಡೆಯದೆ ಅದೇ ದಿನ ಕೊಂಡು ಮಾರುವ ಇಂಟ್ರಾಡೇ ವಹಿವಾಟನ್ನು ಕಾನೂನು 'ಸಟ್ಟಾ ವ್ಯಾಪಾರ'ವೆಂದು ಪರಿಗಣಿಸುತ್ತದೆ. ಮಾನ್ಯತೆ ಪಡೆದ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಸಟ್ಟಾ ಅಲ್ಲ. ಆದರೂ ಅವುಗಳ ಲಾಭ-ನಷ್ಟವನ್ನು ಸಾಮಾನ್ಯವಾಗಿ ವ್ಯಾಪಾರದ ಲೆಕ್ಕದಲ್ಲೇ ತೋರಿಸಬೇಕು.

"ನಷ್ಟವೇ ಆಗಿದೆ, ರಿಟರ್ನ್ ಏಕೆ?" ಎಂದು ಕೇಳುವವರೇ ಹೆಚ್ಚು. ಇಂಟ್ರಾಡೇ ನಷ್ಟವನ್ನು ಸಂಬಳದಲ್ಲಿ ಕಳೆಯಲಾಗದು. ಅಂಥದೇ ಲಾಭದಲ್ಲಿ ಕಳೆಯಲು ಮುಂದಿನ 4 ವರ್ಷ ಅವಕಾಶವಿದೆ. ಫ್ಯೂಚರ್ಸ್, ಆಪ್ಷನ್ಸ್ ನಷ್ಟಕ್ಕೆ 8 ವರ್ಷ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ಈ ಅವಕಾಶ. ಮುಚ್ಚಿಟ್ಟ ನಷ್ಟ ಎರಡು ಸಲ ನಷ್ಟ. ಈ ಮಾತನ್ನು ಇಂದೇ ಮನೆಯಲ್ಲಿ ಹೇಳಿ.