ತಪ್ಪನ್ನು ಹುಡುಕುವ ವಿದ್ಯೆ

ಗಣಕಯಂತ್ರದ ತೆರೆಯ ಮೇಲೆ ಮೂಡುವ ಚೌಕಟ್ಟನ್ನು ಕಿಟಕಿ ಎನ್ನುತ್ತಾರೆ. ಅದರೊಳಗಿನ ಗುಂಡಿ, ಬರೆಯುವ ಪೆಟ್ಟಿಗೆ, ಆಯ್ಕೆಯ ಪಟ್ಟಿ ಮೊದಲಾದವುಗಳಿಗೆ ವಿಜೆಟ್‌ಗಳೆಂದು ಹೆಸರು. ಇವು ನಿಜವಾದ ಗುಂಡಿಗಳಲ್ಲ, ಬರಿಯ ಚಿತ್ರಗಳು. ಮೌಸಿನಿಂದ ಒಂದನ್ನು ಒತ್ತಿದಾಗ ಯಾವ ಕೆಲಸ ನಡೆಯಬೇಕೆಂಬುದನ್ನು ಪ್ರೋಗ್ರಾಮು ಬರೆದವನು ಮೊದಲೇ ಸೂಚಿಸಿರುತ್ತಾನೆ.

ಸರಳವಾದ ಪ್ರೋಗ್ರಾಮು ಮೊದಲ ಆಜ್ಞೆಯಿಂದ ಕೊನೆಯ ಆಜ್ಞೆಯವರೆಗೆ ಒಂದೇ ಸಮನೆ ಸಾಗುತ್ತದೆ. ಕಿಟಕಿಯುಳ್ಳ ಪ್ರೋಗ್ರಾಮಿನ ನಡೆ ಬೇರೆ. ಅದು ಸಿದ್ಧವಾಗಿ ನಿಂತು, ಬಳಸುವವನ ಕೈಗಾಗಿ ಕಾಯುತ್ತದೆ. ಅವನು ಯಾವ ಗುಂಡಿಯನ್ನು, ಯಾವಾಗ, ಎಷ್ಟು ಬೇಗ ಒತ್ತುವನೆಂಬುದು ಬರೆದವನಿಗೆ ತಿಳಿಯದು. ಆದುದರಿಂದ ಇಲ್ಲಿನ ಅನೇಕ ದೋಷಗಳು ಕಾಲಕ್ಕೆ ಸಂಬಂಧಿಸಿದವುಗಳಾಗಿರುತ್ತವೆ.

ಒಂದು ಉದಾಹರಣೆಯನ್ನು ನೋಡೋಣ. ವಿದ್ಯಾರ್ಥಿಯೊಬ್ಬನು ಪೈಥಾನ್ ಭಾಷೆಯಲ್ಲಿ ಲೆಕ್ಕ ಮಾಡುವ ಕಿಟಕಿಯೊಂದನ್ನು ರಚಿಸುತ್ತಿದ್ದಾನೆಂದು ಭಾವಿಸಿರಿ. ಅದಕ್ಕೆ ಹತ್ತು ಅಂಕಿಗಳ ಗುಂಡಿಗಳು ಬೇಕು. ‘ಕ’ ಎಂಬ ಚರಾಕ್ಷರಕ್ಕೆ 0 ಯಿಂದ 9 ರವರೆಗೆ ಒಂದೊಂದೇ ಬೆಲೆಯನ್ನು ಕೊಡುತ್ತ, ಪ್ರತಿ ಸಲವೂ ಒಂದು ಗುಂಡಿ ಮೂಡುವಂತೆ ಅವನು ಬರೆಯುತ್ತಾನೆ. “ಒತ್ತಿದಾಗ ‘ಕ’ ಎಂಬುದರ ಬೆಲೆಯನ್ನು ತೋರಿಸು” ಎಂಬುದು ಪ್ರತಿಯೊಂದು ಗುಂಡಿಗೂ ಇತ್ತ ಆಜ್ಞೆ. ಗುಂಡಿಗಳ ಮೇಲೆ ಅಂಕಿಗಳು ಸರಿಯಾಗಿಯೇ ಮೂಡಿದವು. ಆದರೆ 3 ನ್ನು ಒತ್ತಿದರೂ 9. 7 ನ್ನು ಒತ್ತಿದರೂ 9!

ಇಂಥ ಸಮಯದಲ್ಲಿ ಕಂಡ ಕಂಡ ಸಾಲುಗಳನ್ನೆಲ್ಲ ತಿದ್ದಹೊರಟರೆ ಹಳೆಯ ದೋಷದೊಡನೆ ಹೊಸವು ಸೇರಿಕೊಳ್ಳುತ್ತವೆ. ಮೊದಲು, ಏನು ಮಾಡಿದರೆ ತಪ್ಪು ಮರುಕಳಿಸುವುದೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬಳಿಕ, ಸರಿಯಾಗಿರುವ ಭಾಗವನ್ನು ಬೇರ್ಪಡಿಸಬೇಕು. ಗುಂಡಿಗಳ ಮೇಲಿನ ಅಂಕಿಗಳು ಸರಿಯಾಗಿರುವುದರಿಂದ, ಗುಂಡಿಗಳು ಮೂಡುವಾಗ ‘ಕ’ ಸರಿಯಾದ ಬೆಲೆಯನ್ನೇ ಹೊಂದಿತ್ತು. ಹಾಗಾದರೆ ಒತ್ತುವಾಗ? ಆ ಕ್ಷಣದ ಬೆಲೆಯನ್ನು ಬರೆದು ತೋರಿಸುವಂತೆ ಆಜ್ಞೆಯೊಂದನ್ನು ಸೇರಿಸಿದೊಡನೆ ಗುಟ್ಟು ಬಯಲಾಗುತ್ತದೆ.

ಉಪಾಧ್ಯಾಯರು ಹತ್ತು ಮಂದಿ ಮಕ್ಕಳಿಗೆ, “ನಾನು ಕೇಳಿದಾಗ ಕರಿಹಲಗೆಯ ಮೇಲಿನ ಅಂಕಿಯನ್ನು ಹೇಳಿರಿ” ಎಂದು, 0 ಯಿಂದ 9 ರವರೆಗೆ ಬರೆದು ಬರೆದು ಅಳಿಸಿ, ಕೊನೆಯ 9 ನ್ನು ಹಾಗೆಯೇ ಬಿಟ್ಟರೆನ್ನೋಣ. ಆಮೇಲೆ ಯಾರನ್ನು ಕೇಳಿದರೂ ಉತ್ತರ 9 ಅಲ್ಲವೇ? ಗುಂಡಿಗಳೂ ಹಾಗೆಯೇ ಮಾಡಿದವು. ತನ್ನ ಪಾಲಿನ ಅಂಕಿಯನ್ನು ಪ್ರತಿ ಮಗುವೂ ಕೂಡಲೇ ತನ್ನ ಸ್ಲೇಟಿನಲ್ಲಿ ಬರೆದುಕೊಂಡಿದ್ದರೆ ತಪ್ಪಾಗುತ್ತಿರಲಿಲ್ಲ. ಅಂತೆಯೇ, ಮೂಡುವಾಗಲೇ ತನ್ನ ಬೆಲೆಯನ್ನು ಉಳಿಸಿಕೊಳ್ಳುವಂತೆ ಪ್ರತಿ ಗುಂಡಿಗೂ ಸೂಚಿಸಿದರೆ ದೋಷವು ನೀಗುತ್ತದೆ.

ಇದು ಚಿಕ್ಕ ತಪ್ಪು. ಆದರೆ ಕಾಲದ ತಪ್ಪು ಪ್ರಾಣವನ್ನೂ ತೆಗೆಯಬಲ್ಲದು. 1985 ರಿಂದ 1987 ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರವು ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಹಾಯಿಸಿತು. ಅವರಲ್ಲಿ ಕೆಲವರು ಮಡಿದರು. ಅದರ ತೆರೆಯಲ್ಲಿ ಕಿಟಕಿಗಳಿರಲಿಲ್ಲ, ಬರಿಯ ಅಕ್ಷರಗಳಿದ್ದವು. 1986 ರಲ್ಲಿ ಟೆಕ್ಸಾಸಿನ ಟೈಲರ್ ನಗರದಲ್ಲಿ ಮೊದಲ ಅವಘಡ ನಡೆದಾಗ ತಯಾರಕರ ತಂತ್ರಜ್ಞರು ಪರೀಕ್ಷಿಸಿದರೂ ದೋಷವು ಮರುಕಳಿಸಲಿಲ್ಲ. ಎರಡನೆಯ ಅವಘಡದ ಬಳಿಕ ಆಸ್ಪತ್ರೆಯ ಭೌತವಿಜ್ಞಾನಿಯೂ ಯಂತ್ರವನ್ನು ನಡೆಸುತ್ತಿದ್ದ ಮಹಿಳೆಯೂ ಕೂಡಿ, ಆಕೆ ಅಂದು ಒತ್ತಿದ ಕೀಲಿಗಳನ್ನು ಮತ್ತೆ ಮತ್ತೆ ಒತ್ತಿ ನೋಡಿದರು. ಕೊನೆಗೆ ರಹಸ್ಯವು ತಿಳಿಯಿತು. ತಪ್ಪಾಗಿ ಒತ್ತಿದ ಅಕ್ಷರವನ್ನು ಸುಮಾರು 8 ಸೆಕೆಂಡುಗಳೊಳಗೆ ತಿದ್ದಿದರೆ, ತಿದ್ದುಪಡಿಯು ತೆರೆಯ ಮೇಲೆ ಕಾಣುತ್ತಿತ್ತು. ಯಂತ್ರವು ಮಾತ್ರ ಅದನ್ನು ಪೂರ್ತಿಯಾಗಿ ಗಮನಿಸುತ್ತಿರಲಿಲ್ಲ. ಪರೀಕ್ಷಕರು ನಿಧಾನವಾಗಿ ಒತ್ತಿದರೆ ಈ ದೋಷ ತಲೆದೋರುತ್ತಲೇ ಇರಲಿಲ್ಲ.

ಗಣಕಯಂತ್ರವು ನಾವು ಬಯಸಿದ್ದನ್ನಲ್ಲ, ಹೇಳಿದ್ದನ್ನು ಮಾಡುತ್ತದೆ. “ನಾನು ಸರಿಯಾಗಿಯೇ ಬರೆದಿದ್ದೇನೆ” ಎಂಬ ಹಟವನ್ನು ಬಿಟ್ಟು, ಬಳಸುವವನ ಮಾತಿಗೆ ಕಿವಿಗೊಟ್ಟು, ನಡೆದುದನ್ನು ನಡೆದಂತೆಯೇ ನೋಡುವವನಿಗೆ ತಪ್ಪು ತಾನಾಗಿ ಕಾಣಿಸಿಕೊಳ್ಳುತ್ತದೆ.