ಟ್ರಕ್ಕಿನ ಎತ್ತರ, ಕಿಟ್ಟಿನ ಬೆಲೆ

ಅಮೆರಿಕದ ಆಡುಮಾತಿನಲ್ಲಿ ಟ್ರಕ್ ಎಂದರೆ ಬಹುಮಟ್ಟಿಗೆ ಲಾರಿಯಲ್ಲ, ಮುಂದೆ ಮನೆಮಂದಿ ಕೂರುವ ಕ್ಯಾಬಿನ್ ಮತ್ತು ಹಿಂದೆ ಸರಕು ತುಂಬುವ ತೆರೆದ ತೊಟ್ಟಿ ಇರುವ ಪಿಕಪ್ ವಾಹನ. ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್‌ಗಳು 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್‌ಗಳೆಂಬ ಸ್ಥಾನವನ್ನು ಉಳಿಸಿಕೊಂಡಿವೆ. ಷೆವ್ರೊಲೆ ಸಿಲ್ವರಾಡೊ, ರ‍್ಯಾಮ್, ಟೊಯೊಟಾ ಟಕೋಮಾಗಳೂ ಇದೇ ಬಗೆಯವು. ಇಂಥ ವಾಹನ ಕೊಂಡವರಲ್ಲಿ ಅನೇಕರು ಮೊದಲು ಮಾಡಿಸಬಯಸುವ ಮಾರ್ಪಾಡು ಅದರ ಎತ್ತರಕ್ಕೆ ಸಂಬಂಧಿಸಿದ್ದು. ಅದಕ್ಕಾಗಿ ಮಾರಾಟವಾಗುವ ಕಿಟ್‌ಗಳ ಬೆಲೆ ಐವತ್ತು ಡಾಲರಿನಿಂದ ಹಲವು ಸಾವಿರ ಡಾಲರುಗಳವರೆಗೆ ಹರಡಿಕೊಂಡಿರುವುದರಿಂದ, ಕಡಿಮೆ ಹಣದಲ್ಲಿ ಯಾವುದನ್ನು ಕೊಂಡರೆ ವಾಹನಕ್ಕೂ ಅದರಲ್ಲಿ ಕೂರುವವರಿಗೂ ಕೇಡಾಗದು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ಹೊಸ ಪಿಕಪ್ಪನ್ನು ಪಕ್ಕದಿಂದ ನೋಡಿದರೆ ಮುಂಭಾಗ ಹಿಂಭಾಗಕ್ಕಿಂತ ಒಂದರಿಂದ ಎರಡೂವರೆ ಇಂಚಿನಷ್ಟು ತಗ್ಗಿರುವುದು ಸಾಮಾನ್ಯ. ಇದು ತಯಾರಿಕೆಯ ದೋಷವಲ್ಲ, ಉದ್ದೇಶಪೂರ್ವಕವಾಗಿ ಇಟ್ಟ ಇಳಿಜಾರು. ತೊಟ್ಟಿಯಲ್ಲಿ ಸರಕು ತುಂಬಿದಾಗ ಅಥವಾ ಹಿಂದೆ ಟ್ರೇಲರ್ ಕಟ್ಟಿದಾಗ ಹಿಂಭಾಗ ಕುಸಿಯುತ್ತದೆ, ಆಗ ವಾಹನ ಸಮತಟ್ಟಾಗಿ ನಿಲ್ಲುತ್ತದೆ. ಮುಂಭಾಗವನ್ನಷ್ಟೇ ಎತ್ತಿ ಈ ಇಳಿಜಾರನ್ನು ಅಳಿಸುವ ಬಿಡಿಭಾಗಗಳಿಗೆ ಲೆವೆಲಿಂಗ್ ಕಿಟ್ ಎಂದೂ, ಹಿಂದು ಮುಂದು ಎರಡನ್ನೂ ನಾಲ್ಕು, ಆರು ಅಥವಾ ಅದಕ್ಕೂ ಹೆಚ್ಚು ಇಂಚು ಎತ್ತುವ ಜೋಡಣೆಗೆ ಸಸ್ಪೆನ್ಷನ್ ಲಿಫ್ಟ್ ಎಂದೂ ಹೆಸರು. ಚಾಸಿಯನ್ನು ಇದ್ದಲ್ಲೇ ಬಿಟ್ಟು, ಅದರ ಮತ್ತು ಮೇಲ್ಕಟ್ಟಿನ ನಡುವೆ ದಪ್ಪ ಬಿಲ್ಲೆಗಳನ್ನು ಇಡುವ ಬಾಡಿ ಲಿಫ್ಟ್ ಎಂಬ ಮೂರನೆಯ ದಾರಿಯೂ ಇದೆ. ದೊಡ್ಡ ಟೈರಿಗೆ ಜಾಗ ಮಾಡುವುದನ್ನು ಬಿಟ್ಟರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಹೀಗಾಗಿ ಕಿಟ್ ಹುಡುಕುವವರು ಬೆಲೆಗಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಆ ಟ್ರಕ್ಕು ಏನನ್ನು ಹೊರುತ್ತದೆ ಎಂಬುದು. ಪ್ರತಿ ವಾರ ದೋಣಿಯನ್ನೋ ಕುದುರೆ ಟ್ರೇಲರನ್ನೋ ಎಳೆಯುವ ವಾಹನದ ಇಳಿಜಾರನ್ನು ಪೂರ್ತಿ ಅಳಿಸಿದರೆ, ಭಾರ ಬಿದ್ದಾಗ ಅದರ ಮೂತಿ ಮೇಲೇಳುತ್ತದೆ, ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಕುಕ್ಕುತ್ತದೆ, ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗಿನ ಹಿಡಿತ ಸಡಿಲುತ್ತದೆ. ಅಂಥವರು ಇಳಿಜಾರಿನಲ್ಲಿ ಅರ್ಧ ಇಂಚೋ ಒಂದು ಇಂಚೋ ಉಳಿಸಿಕೊಳ್ಳುವುದು, ಇಲ್ಲವೇ ಹಿಂದಿನ ಆಕ್ಸಲ್ಲಿಗೆ ಗಾಳಿ ತುಂಬುವ ಸಹಾಯಕ ಸ್ಪ್ರಿಂಗ್ ಹಾಕಿಸುವುದು ವಿವೇಕ. ಖಾಲಿ ತೊಟ್ಟಿಯಲ್ಲೇ ಊರು ಸುತ್ತುವ ಟ್ರಕ್ಕಿಗೆ ಈ ಚಿಂತೆ ಅಷ್ಟಾಗಿ ಇಲ್ಲ.

ಅಗ್ಗದ ಕಿಟ್ಟುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಸ್ಪೇಸರ್, ಅಂದರೆ ಅಲ್ಯೂಮಿನಿಯಂ, ಉಕ್ಕು ಅಥವಾ ಪಾಲಿಯುರಿಥೇನಿನ ದಪ್ಪ ಬಿಲ್ಲೆ. ಈಗಿನ ಅರ್ಧ ಟನ್ ವರ್ಗದ ಪಿಕಪ್‌ಗಳಲ್ಲಿ ಮುಂದಿನ ಎರಡು ಚಕ್ರಗಳೂ ಪ್ರತ್ಯೇಕವಾಗಿ ಮೇಲೆ ಕೆಳಗೆ ಆಡುತ್ತವೆ. ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತವೆ, ಕೆಳಗಿನ ತೋಳಿನ ಮೇಲೆ ಸ್ಪ್ರಿಂಗನ್ನು ಶಾಕ್ ಅಬ್ಸಾರ್ಬರ್ ಸುತ್ತ ಕೂರಿಸಿದ ಸ್ಟ್ರಟ್ ನಿಂತಿರುತ್ತದೆ. ಸ್ಟ್ರಟ್ ತೋಳಿನ ತುದಿಯಲ್ಲಿರದೆ ಒಳಭಾಗದಲ್ಲಿರುವುದರಿಂದ ಅದರ ಮೇಲೆ ಇಟ್ಟ ಒಂದು ಇಂಚಿನ ಬಿಲ್ಲೆ ಚಕ್ರದ ಬಳಿ ಹೆಚ್ಚುಕಡಿಮೆ ಎರಡು ಇಂಚಿನ ಎತ್ತರವಾಗಿ ಕಾಣುತ್ತದೆ. ಎರಡು ಇಂಚಿನ ಕಿಟ್ ತರಿಸಿದವರು ಪೆಟ್ಟಿಗೆ ತೆರೆದು ತೆಳುವಾದ ಬಿಲ್ಲೆ ಕಂಡು ಮೋಸಹೋದೆವೆಂದು ಭಾವಿಸಬೇಕಾಗಿಲ್ಲ.

ಈ ಬಿಲ್ಲೆಯನ್ನು ಎಲ್ಲಿ ಇಡುತ್ತಾರೆ ಎಂಬುದರ ಮೇಲೆ ಫಲ ಬದಲಾಗುತ್ತದೆ. ಸ್ಟ್ರಟ್ಟಿನ ನೆತ್ತಿಯ ಮೇಲೆ ಇಟ್ಟರೆ ಸ್ಪ್ರಿಂಗು ಮೊದಲಿನಂತೆಯೇ ಇರುತ್ತದೆ, ಸವಾರಿಯ ಮೃದುತ್ವವೂ ಬಹಳ ಬದಲಾಗದು. ಆದರೆ ಚಕ್ರ ಗುಂಡಿಗಿಳಿದಾಗ ತೋಳು ಮೊದಲಿಗಿಂತ ಕೆಳಗೆ ಜೋತುಬೀಳುವುದರಿಂದ ಕೀಲುಗಳು ತಾವು ತಡೆಯಬಲ್ಲ ಕೋನವನ್ನು ಮೀರುವ ಸಂಭವವಿದೆ. ಬಿಲ್ಲೆಯನ್ನು ಒಳಗೆ, ಸ್ಪ್ರಿಂಗಿಗೂ ಅದರ ತಟ್ಟೆಗೂ ನಡುವೆ ಇಟ್ಟರೆ ಸ್ಟ್ರಟ್ಟಿನ ಪೂರ್ಣ ಉದ್ದ ಹೆಚ್ಚುವುದಿಲ್ಲ. ಹಾಗಾಗಿ ಕೀಲುಗಳು ಉಳಿಯುತ್ತವೆ, ಆದರೆ ಚಕ್ರ ಕೆಳಗಿಳಿಯಲು ಉಳಿಯುವ ಅವಕಾಶ ಕುಗ್ಗಿ, ಪ್ರತಿ ಹಳ್ಳದಲ್ಲೂ ಶಾಕ್ ಅಬ್ಸಾರ್ಬರ್ ತನ್ನ ತುದಿಗೆ ಬಡಿದು ಸದ್ದು ಮಾಡುತ್ತದೆ. ಹಣ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ ಎನ್ನುವವರಿಗೆ ಮೂರನೆಯ ದಾರಿ ಮೇಲು: ಬಿಲ್‌ಸ್ಟೀನ್ 5100ರಂತಹ, ಮೈಮೇಲೆ ಹಲವು ತೋಡುಗಳನ್ನು ಕೊರೆದಿರುವ ಶಾಕ್ ಅಬ್ಸಾರ್ಬರುಗಳಲ್ಲಿ ಬಳೆಯೊಂದನ್ನು ಬೇಕಾದ ತೋಡಿಗೆ ಕೂರಿಸಿ ಸ್ಪ್ರಿಂಗಿನ ತಟ್ಟೆಯ ಎತ್ತರವನ್ನು ಹೊಂದಿಸಬಹುದು. ಸವೆದ ಹಳೆಯ ಶಾಕ್ ಅಬ್ಸಾರ್ಬರಿನ ಮೇಲೆ ಹೊಸ ಬಿಲ್ಲೆ ಇಡುವುದಕ್ಕಿಂತ, ಹೇಗಿದ್ದರೂ ಬದಲಾಯಿಸಬೇಕಾದ ಶಾಕ್ ಅಬ್ಸಾರ್ಬರನ್ನೇ ಎತ್ತರದ ಸಾಧನವಾಗಿಸಿಕೊಳ್ಳುವುದು ಲಾಭದಾಯಕ. ಎಂಬತ್ತು ಸಾವಿರ ಮೈಲಿ ಓಡಿದ ಟ್ರಕ್ಕಿಗಂತೂ ಇದಕ್ಕಿಂತ ಒಳ್ಳೆಯ ಖರ್ಚು ಸಿಗುವುದು ಕಷ್ಟ.

ಎತ್ತರ ಹೆಚ್ಚಿದಂತೆಲ್ಲ ಯಾವುದೋ ಒಂದು ಕೀಲಿನ ಕೋನ ಹೆಚ್ಚುತ್ತದೆ ಎಂಬುದು ಈ ವಿಷಯದ ತಿರುಳು. ಮೇಲಿನ ತೋಳಿನ ತುದಿಯಲ್ಲಿರುವ ಬಾಲ್ ಜಾಯಿಂಟ್ ತನ್ನ ಬಟ್ಟಲಿನ ಅಂಚಿಗೆ ತಾಗುತ್ತದೆ. ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಅಡ್ಡ ಶಾಫ್ಟ್‌ಗಳ ಕೀಲುಗಳು ಕಡಿದಾದ ಕೋನದಲ್ಲಿ ತಿರುಗಿ, ಅವನ್ನು ಮುಚ್ಚಿದ ರಬ್ಬರ್ ಹೊದಿಕೆ ಹರಿದು ಗ್ರೀಸ್ ಸೋರುತ್ತದೆ. ಇನ್ನೊಂದು ಪೆಟ್ಟು ಬೀಳುವುದು ಕ್ಯಾಸ್ಟರ್ ಎಂಬ ಕೋನಕ್ಕೆ: ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವಂತೆ ವಾಹನದ ಚಕ್ರವೂ ಹಿಂದಕ್ಕೆ ವಾಲಿದ ಅಕ್ಷದ ಸುತ್ತ ತಿರುಗುತ್ತದೆ, ಆ ವಾಲುವಿಕೆಯಿಂದಲೇ ತಿರುವಿನ ನಂತರ ಸ್ಟೀರಿಂಗು ತಾನಾಗಿ ನೇರವಾಗುತ್ತದೆ. ಎತ್ತರಿಸಿದಾಗ ಈ ವಾಲುವಿಕೆ ಕುಗ್ಗುವುದರಿಂದ ಹೆದ್ದಾರಿಯಲ್ಲಿ ವಾಹನ ಅತ್ತಿತ್ತ ಎಳೆಯುತ್ತದೆ. ಆದ್ದರಿಂದ ಸುಮಾರು ಎರಡು ಇಂಚಿನವರೆಗೆ ಸ್ಪೇಸರ್ ಸಾಕಾದರೂ, ಅದನ್ನು ಮೀರಿದರೆ ಕೋನವನ್ನು ಮರಳಿ ಸರಿಪಡಿಸಲು ರೂಪಿಸಿದ ಹೊಸ ಮೇಲಿನ ತೋಳುಗಳು ಬೇಕಾಗುತ್ತವೆ, ಅವುಗಳ ಬೆಲೆ ಸ್ಪೇಸರಿಗಿಂತ ಹಲವು ಪಟ್ಟು ಹೆಚ್ಚು. ನಾಲ್ಕರಿಂದ ಆರು ಇಂಚಿನ ಕಿಟ್‌ಗಳು ದುಬಾರಿಯಾಗಿರುವುದಕ್ಕೂ ಇದೇ ಕಾರಣ. ಒಳ್ಳೆಯ ಕಿಟ್ಟಿನಲ್ಲಿ ಚಕ್ರ ಹಿಡಿಯುವ ನಕಲ್, ಕೆಳಗಿನ ತೋಳುಗಳನ್ನು ತಗ್ಗಿಸಿ ಕೂರಿಸುವ ಅಡ್ಡ ತೊಲೆಗಳು, ಡಿಫರೆನ್ಷಿಯಲ್ ಇಳಿಸುವ ಬ್ರ್ಯಾಕೆಟ್‌ಗಳು, ಬ್ರೇಕ್ ಪೈಪಿಗೆ ಬೇಕಾದ ಹೆಚ್ಚುವರಿ ಉದ್ದ ಎಲ್ಲವೂ ಇರುತ್ತವೆ. ಇವಿಲ್ಲದೆ ಬರಿಯ ದಪ್ಪ ಬಿಲ್ಲೆಗಳಿಂದ ನಾಲ್ಕು ಇಂಚು ಎತ್ತುವೆವೆಂದು ಹೇಳುವ ಕಿಟ್ಟನ್ನು, ಅದು ಎಷ್ಟೇ ಅಗ್ಗವಾಗಿರಲಿ, ಕೊಳ್ಳಬಾರದು.

ಫೋರ್ಡ್ ಸೂಪರ್ ಡ್ಯೂಟಿ, ರ‍್ಯಾಮ್ 2500ರಂತಹ ಭಾರಿ ಪಿಕಪ್‌ಗಳ ನಾಲ್ಕು ಚಕ್ರ ಚಾಲನೆಯ ಮಾದರಿಗಳಲ್ಲಿ ಮುಂದೆಯೂ ಒಂದೇ ಗಟ್ಟಿ ಆಕ್ಸಲ್ ಇರುತ್ತದೆ. ಅಲ್ಲಿ ಸ್ಪ್ರಿಂಗಿನ ಮೇಲೆ ಬಿಲ್ಲೆ ಇಡುವುದು ಸುಲಭ, ಆದರೆ ಆಕ್ಸಲ್ಲನ್ನು ಚಾಸಿಗೆ ಅಡ್ಡಲಾಗಿ ಬಿಗಿಯುವ ಟ್ರ್ಯಾಕ್ ಬಾರ್ ಎತ್ತರದಿಂದಾಗಿ ಇಡೀ ಆಕ್ಸಲ್ಲನ್ನು ಒಂದು ಬದಿಗೆ ಎಳೆಯುತ್ತದೆ. ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು ಇದ್ದರೆ, ಪಟ್ಟಿಯೊಂದನ್ನು ಸೇರಿಸಿಯೋ ಆಕ್ಸಲ್ ಮತ್ತು ಕಟ್ಟಿನ ನಡುವೆ ಬ್ಲಾಕ್ ಇಟ್ಟೋ ಎತ್ತರಿಸುತ್ತಾರೆ. ಒಂದು ಬ್ಲಾಕಿನ ಮೇಲೆ ಇನ್ನೊಂದನ್ನು ಪೇರಿಸುವುದು, ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಇಡುವುದು, ಹಳೆಯ ಯು ಬೋಲ್ಟ್‌ಗಳನ್ನೇ ಮತ್ತೆ ಬಿಗಿಯುವುದು ಈ ಮೂರೂ ಅಪಾಯಕ್ಕೆ ದಾರಿ.

ಎತ್ತರದಿಂದ ದೊರಕುವ ಲಾಭವನ್ನೂ ಸರಿಯಾಗಿ ಅಳೆಯಬೇಕು. ಗಟ್ಟಿ ಆಕ್ಸಲ್ಲಿನ ನಡುವೆ ಇರುವ ಡಿಫರೆನ್ಷಿಯಲ್ ನೆಲದಿಂದ ಎಷ್ಟು ಮೇಲಿದೆ ಎಂಬುದನ್ನು ಸಸ್ಪೆನ್ಷನ್ ಲಿಫ್ಟ್ ಬದಲಿಸುವುದೇ ಇಲ್ಲ. ಅದನ್ನು ಎತ್ತಬಲ್ಲದ್ದು ಟೈರು ಮಾತ್ರ. ಉದಾಹರಣೆಗೆ, 265/70 ಆರ್ 17 ಅಳತೆಯ ಟೈರಿನ ವ್ಯಾಸ ಸುಮಾರು 803 ಮಿ.ಮೀ., 285/70 ಆರ್ 17ರದು 831 ಮಿ.ಮೀ. ಮೊದಲನೆಯದರ ಬದಲು ಎರಡನೆಯದನ್ನು ಹಾಕಿದರೆ ಆಕ್ಸಲ್ ಏರುವುದು ವ್ಯತ್ಯಾಸದ ಅರ್ಧದಷ್ಟು, 14 ಮಿ.ಮೀ. ಮಾತ್ರ. ಅಷ್ಟರಲ್ಲೇ ವೇಗಮಾಪಕದ ಲೆಕ್ಕ ತಪ್ಪುತ್ತದೆ. ಹಳೆಯ ಟೈರಿನೊಂದಿಗೆ ಅದು ನಿಖರವಾಗಿತ್ತೆಂದಿಟ್ಟುಕೊಂಡರೆ, ಈಗ ಗಂಟೆಗೆ 60 ಮೈಲಿ ಎಂದು ತೋರಿಸುವಾಗ ವಾಹನ 62 ಮೈಲಿಯ ವೇಗದಲ್ಲಿರುತ್ತದೆ.

ಬಿಲ್ಲೆಯ ಜೋಡಿಗೆ 50ರಿಂದ 200 ಡಾಲರ್ ಕೊಟ್ಟವರು ಅದನ್ನೇ ಒಟ್ಟು ಖರ್ಚೆಂದು ತಿಳಿಯಬಾರದು. ಜೋಡಿಸುವ ಕೂಲಿ, ನೂರು ಡಾಲರಿನ ಆಸುಪಾಸಿನ ವೀಲ್ ಅಲೈನ್‌ಮೆಂಟ್, ಹೊಸ ವಾಹನವಾದರೆ ಮುಂದಿನ ಕ್ಯಾಮೆರಾ ಮತ್ತು ರೇಡಾರನ್ನು ಮರುಹೊಂದಿಸುವ ವೆಚ್ಚ, ಕೊನೆಗೆ ಎಲ್ಲಕ್ಕಿಂತ ದೊಡ್ಡದಾದ ಟೈರುಗಳ ಬೆಲೆ ಒಂದರ ಹಿಂದೊಂದು ಬರುತ್ತವೆ. ಸೀಮಿತ ಹಣವನ್ನು ಎತ್ತರದ ಮೇಲೆ ಸುರಿದು ಉಳಿದದ್ದರಲ್ಲಿ ಜೋಡಣೆ ಮಾಡಿಸುವುದಕ್ಕಿಂತ, ಎತ್ತರ ತಗ್ಗಿಸಿ ಬಿಡಿಭಾಗದ ಗುಣ ಹೆಚ್ಚಿಸುವುದೇ ಸರಿಯಾದ ಮಿತವ್ಯಯ.

ಉರುಳುವ ಅಪಾಯವನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ಒಂದು ಸರಳ ಅನುಪಾತದಿಂದ ಅಳೆಯುತ್ತದೆ: ಎಡ ಬಲ ಚಕ್ರಗಳ ನಡುವಿನ ಅಂತರವನ್ನು, ವಾಹನದ ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಅಂತರ 68 ಇಂಚು, ಕೇಂದ್ರ 28 ಇಂಚು ಎತ್ತರದಲ್ಲಿದೆ ಎಂದುಕೊಂಡರೆ ಫಲ 1.21, ಅದೇ ಕೇಂದ್ರ ಮೂರು ಇಂಚು ಏರಿದರೆ 1.10. ಸಂಖ್ಯೆ ಕಡಿಮೆಯಾದಷ್ಟೂ ವಾಹನ ಉರುಳುವ ಸಾಧ್ಯತೆ ಹೆಚ್ಚು. ಎರಡು ಇಂಚಿನ ಲೆವೆಲಿಂಗ್ ಮುಂಭಾಗಕ್ಕೆ ಮಾತ್ರ ಸೀಮಿತವಾದ್ದರಿಂದ ಅದರ ಪರಿಣಾಮ ಚಿಕ್ಕದು. ಆರು ಇಂಚಿನ ಲಿಫ್ಟ್ ಹಾಕಿಸಿದವರು ತಿರುವುಗಳಲ್ಲಿ ತಮ್ಮ ಚಾಲನೆಯ ರೂಢಿಯನ್ನೇ ಬದಲಿಸಿಕೊಳ್ಳಬೇಕಾಗುತ್ತದೆ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೂತಿ ಎತ್ತಿ ಹಿಂಭಾಗ ತಗ್ಗಿಸುವ ಗೀಳು ಹಬ್ಬಿದ್ದ ನಾರ್ತ್ ಕೆರೊಲೈನಾದಲ್ಲಿ, ಮುಂದಿನ ಮಡ್‌ಗಾರ್ಡ್ ಹಿಂದಿನದಕ್ಕಿಂತ ನಾಲ್ಕು ಇಂಚು ಅಥವಾ ಹೆಚ್ಚು ಎತ್ತರವಾಗುವಂತೆ ಮಾಡುವ ಮಾರ್ಪಾಡನ್ನು 2021ರ ಡಿಸೆಂಬರ್‌ನಿಂದ ನಿಷೇಧಿಸಲಾಗಿದೆ. ವಾರಂಟಿಯ ವಿಷಯದಲ್ಲಿ 1975ರ ಮ್ಯಾಗ್ನುಸನ್ ಮಾಸ್ ಕಾಯ್ದೆ ಕೊಳ್ಳುವವರ ಪರವಾಗಿದ್ದು, ಹೊರಗಿನ ಬಿಡಿಭಾಗ ಹಾಕಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗುವುದಿಲ್ಲ. ಆದರೆ ಲಿಫ್ಟ್‌ನಿಂದಲೇ ಕೀಲು ಮುರಿದಿದೆ ಎಂದು ತೋರಿಸಿದಲ್ಲಿ ಆ ದುರಸ್ತಿಯನ್ನು ಕಂಪನಿ ನಿರಾಕರಿಸಬಹುದು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2022ರಲ್ಲಿ ಹೈಲಕ್ಸ್ ಪಿಕಪ್ಪನ್ನು ಬಿಡುಗಡೆ ಮಾಡಿದ ಮೇಲೆ ಕರ್ನಾಟಕದಲ್ಲೂ ಇಂಥ ಕಿಟ್‌ಗಳತ್ತ ನೋಡುವವರಿದ್ದಾರೆ. ಆದರೆ 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಇಲ್ಲಿಯವರು ಹಣ ಕೊಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಜೋಡಣೆಯಲ್ಲಿ ಒಂದು ಸೂಕ್ಷ್ಮವನ್ನು ಗ್ಯಾರೇಜಿನವರು ಅವಸರದಲ್ಲಿ ಮರೆಯುವುದುಂಟು. ತೋಳುಗಳ ಬುಡದಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ವಾಹನವನ್ನು ನೆಲಕ್ಕಿಳಿಸಿ, ಅದರ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ ಕೊನೆಯ ಬಿಗಿತ ಕೊಡಬೇಕು, ಇಲ್ಲವಾದರೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಅನಂತರ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕನ್ನು ತಗ್ಗಿಸಿ, ಮೊದಲ ಐನೂರು ಮೈಲಿ ಓಡಿದ ಮೇಲೆ ಎಲ್ಲ ಬೋಲ್ಟ್‌ಗಳ ಬಿಗಿತವನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಬೇಕು.