ನಿಂತ ಗಾಡಿಯ ಕೆಮ್ಮು

2020ನೆಯ ಇಸವಿಯ ಮಾರ್ಚ್ 25ರಂದು ದೇಶದಾದ್ಯಂತ ಸಂಚಾರ ಸ್ತಬ್ಧವಾದಾಗ ಹೋಟೆಲುಗಳ ಒಲೆಗಳು ಆರಿದುವು. ಅವುಗಳಿಗೆ ಅಕ್ಕಿ, ತರಕಾರಿ, ಹಾಲು ಹೊತ್ತು ತರುತ್ತಿದ್ದ ಚಿಕ್ಕ ಸರಕುಗಾಡಿಗಳೂ ನಿಂತಲ್ಲೇ ನಿಂತುವು. ಜೂನ್ 8ರಿಂದ ಉಪಾಹಾರಗೃಹಗಳನ್ನು ತೆರೆಯಲು ಕೇಂದ್ರ ಸರಕಾರವು ಸಮ್ಮತಿಯಿತ್ತಿತು. ಆರಿದ ಒಲೆಯನ್ನು ಮತ್ತೆ ಹೊತ್ತಿಸುವುದು ಒಂದು ಕಡ್ಡಿಯ ಕೆಲಸ. ತಿಂಗಳುಗಟ್ಟಲೆ ನಿಂತ ಎಂಜಿನನ್ನು ಎಬ್ಬಿಸುವುದು ಬೇರೆಯೇ ವಿದ್ಯೆ. ಆ ಸಂಕಟಕಾಲವು ಕಳೆದುಹೋಯಿತಾದರೂ ಅದು ಕಲಿಸಿದ ಪಾಠವು ಹಳತಾಗಿಲ್ಲ. ಒಡೆಯನು ಕಾಯಿಲೆ ಬಿದ್ದರೆ, ಜಮೀನಿನ ವ್ಯಾಜ್ಯಕ್ಕೆಂದು ಊರಿಗೆ ಹೋದರೆ, ವ್ಯಾಪಾರ ಕುಗ್ಗಿದರೆ, ಇಂದಿಗೂ ಗಾಡಿಯೊಂದು ಬೇವಿನ ಮರದಡಿಯಲ್ಲಿ ವರ್ಷಗಟ್ಟಲೆ ನಿಂತುಬಿಡುತ್ತದೆ.

ನಮ್ಮ ವಾಚಕರಲ್ಲಿ ಹಲವರಿಗೆ ಇದು ದೂರದ ವಿಷಯವಲ್ಲ. ಇಪ್ಪತ್ತು ವರ್ಷ ಹೋಟೆಲಿನಲ್ಲಿ ದುಡಿದು, ಕೂಡಿಟ್ಟ ಹಣದಲ್ಲಿ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡು, ಬೋಯಿನ್‌ಪಲ್ಲಿಯ ಸಗಟು ಮಾರುಕಟ್ಟೆಯಿಂದ ಮಲ್ಕಾಜ್‌ಗಿರಿ, ನೇರೇಡ್‌ಮೆಟ್ಟುಗಳ ಹೋಟೆಲುಗಳಿಗೆ ತರಕಾರಿ ಸಾಗಿಸಿ ಬದುಕಬೇಕೆಂದು ಹೊರಡುವ ಬಂಧುವೊಬ್ಬನನ್ನು ಎಣಿಸಿಕೊಳ್ಳಿರಿ. ಬಹುದಿನ ನಿಂತಿದ್ದುದರಿಂದಲೇ ಗಾಡಿಯು ಅವನಿಗೆ ಅಗ್ಗಕ್ಕೆ ಸಿಕ್ಕಿದೆ. ಮೊದಲ ಮುಂಜಾವದಲ್ಲೇ ಅದು ಕೆಮ್ಮುತ್ತದೆ, ನಡುಗುತ್ತದೆ, ಮಿಸ್ ಹೊಡೆಯುತ್ತದೆ. ಮೌಲಾಲಿಯ ಏರು ಬಂದಾಗ ಉಸಿರು ಕಟ್ಟುತ್ತದೆ. ಯಾರೋ ಬಂದು ಕಿವಿಗೊಟ್ಟು ಕೇಳಿ, “ಎಂಜಿನ್ ಇಳಿಸಬೇಕು” ಎಂದುಬಿಡುತ್ತಾರೆ. ಈ ಎರಡು ಶಬ್ದಗಳ ಬೆಲೆ ಹಲವು ತಿಂಗಳ ಸಂಬಳ. ಅದಕ್ಕೆ ಒಪ್ಪುವ ಮೊದಲು ಕೆಲವು ಪರೀಕ್ಷೆಗಳನ್ನು ಮಾಡಿಸಲೇಬೇಕೆಂಬುದು ನಮ್ಮ ಅರಿಕೆ. ದುಡಿದು ಸವೆದ ಎಂಜಿನಿನ ರೋಗ ಬೇರೆ, ನಿಂತು ಕೆಟ್ಟ ಎಂಜಿನಿನ ರೋಗ ಬೇರೆ. ನಿಂತು ಕೆಟ್ಟುದು ಬಹುಮಟ್ಟಿಗೆ ಇಂಧನದ್ದು, ಗಾಳಿಯದು. ಅದರ ಮದ್ದೂ ಅಗ್ಗದ್ದು.

ನಿಂತಲ್ಲಿ ಕೆಡುವುದೇನು?

1988ರಲ್ಲಿ ಬಂದ ಟಾಟಾ ಮೊಬೈಲ್, 2005ರಲ್ಲಿ ಬಂದ ಟಾಟಾ ಏಸ್ ಮೊದಲಾದ ಗಾಡಿಗಳು ನಮ್ಮ ನಾಡಿನ ಚಿಕ್ಕ ಸರಕುಸಾಗಣೆಯ ಬೆನ್ನೆಲುಬಾದುವು. ಇವು ಡೀಸೆಲ್ ಗಾಡಿಗಳು. ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಆ ಅದುಮಿನಿಂದ ಕಾದ ಗಾಳಿಯೊಳಗೆ ಇಂಜೆಕ್ಟರು ಎಣ್ಣೆಯನ್ನು ಮಂಜಿನಂತೆ ಚಿಮುಕಿಸಿದಾಗ ಅದು ತಾನೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಡೀಸೆಲ್ ಎಂಜಿನು ಕೇಳುವುದು ಮೂರೇ ವಸ್ತು: ಸ್ವಚ್ಛವಾದ ಗಾಳಿ, ನೀರಿಲ್ಲದ ಎಣ್ಣೆ, ಸೋರದ ಅದುಮು. ಹಳೆಯ ಟಾಟಾ ಏಸಿನಲ್ಲಿ 702 ಘನ ಸೆಂಟಿಮೀಟರಿನ, ಎರಡೇ ಸಿಲಿಂಡರುಗಳ ಎಂಜಿನು. ಇಬ್ಬರು ಹೊರುವ ಪಲ್ಲಕ್ಕಿಯಲ್ಲಿ ಒಬ್ಬನು ಎಡವಿದರೆ ಹೇಗೋ, ಹಾಗೆ ಒಂದು ಸಿಲಿಂಡರು ಸರಿಯಾಗಿ ಉರಿಯದಿದ್ದರೆ ಇಡೀ ಗಾಡಿ ತತ್ತರಿಸುತ್ತದೆ. ಆ ತತ್ತರವನ್ನು ಕಂಡೇ ಎಂಜಿನು ಸತ್ತಿತೆಂದು ತೀರ್ಮಾನಿಸಲಾಗದು.

ಅರ್ಧ ತುಂಬಿದ ಟ್ಯಾಂಕಿನೊಳಗೆ ಹಗಲಿನ ಬಿಸಿ, ಇರುಳಿನ ತಂಪು ಒಂದಾದ ಮೇಲೊಂದು ಬಂದು, ಗಾಳಿಯ ತೇವವು ಹನಿಯಾಗಿ ತಳ ಸೇರುತ್ತದೆ. ನೀರು ಡೀಸೆಲಿಗಿಂತ ಭಾರ. ನೀರೂ ಎಣ್ಣೆಯೂ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಗಾಡಿ ಹೊರಟಾಗ ಆ ಲೋಳೆ, ಟ್ಯಾಂಕಿನ ತುಕ್ಕು, ನೀರು ಎಲ್ಲವೂ ಫಿಲ್ಟರಿಗೆ ಬಂದು ಅಡರುತ್ತವೆ. ರಬ್ಬರಿನ ಕೊಳವೆಗಳು ಒಣಗಿ ಬಿರುಕುಬಿಟ್ಟು ಅಲ್ಲಿಂದ ಗಾಳಿಯೆಳೆಯುತ್ತವೆ. ಇನ್ನು ಇಲಿಗಳು ಏರ್ ಕ್ಲೀನರಿನಲ್ಲಿ ಗೂಡು ಕಟ್ಟಿ, ವಯರುಗಳನ್ನು ಕಡಿದುಹಾಕುವುದೂ ಉಂಟು.

ಕೀಲಿ ತಿರುಗಿಸುವ ಮೊದಲು

ಬಹುದಿನ ನಿಂತ ಗಾಡಿಯನ್ನು ಮೊದಲು ಕಣ್ಣಿನಿಂದ ನೋಡಬೇಕು. ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನೆಳೆದಾಗ ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕಿದ್ದರೆ ಅದಕ್ಕೆ ನೀರು ಸೇರಿದೆ. ಆಗ ಎಂಜಿನನ್ನು ತಿರುಗಿಸಲೇಬಾರದು. ರೇಡಿಯೇಟರಿನ ನೀರು, ಬೆಲ್ಟು, ಬ್ಯಾಟರಿಗಳನ್ನು ನೋಡಬೇಕು. ಏರ್ ಕ್ಲೀನರನ್ನು ಬಿಚ್ಚಿ ಧೂಳನ್ನೂ ಗೂಡನ್ನೂ ತೆಗೆಯಬೇಕು. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಗಾಜಿನ ಲೋಟವೊಂದಕ್ಕೆ ಎಣ್ಣೆ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ, ನೀರಿದ್ದಲ್ಲಿ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇದಕ್ಕೆ ಖರ್ಚಿಲ್ಲ. ಆಮೇಲೆ ಆಯಿಲನ್ನೂ ಫಿಲ್ಟರನ್ನೂ ಹೊಸದು ಹಾಕಿಸತಕ್ಕದ್ದು. ಮತ್ತೊಂದು ಮಾತು: ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನನ್ನು ಓಡಿಸಬಾರದು. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲವೂ ಇರುತ್ತದೆ.

ಹೊಗೆಯ ಭಾಷೆ

ಎಂಜಿನು ಹೊತ್ತಿಕೊಂಡು ನಡುಗುತ್ತಿರುವಾಗ ಹಿಂದೆ ಹೋಗಿ ಹೊಗೆಯನ್ನು ನೋಡಿರಿ. ಬಿಳಿಯ ಹೊಗೆ, ಕಣ್ಣುರಿಸುವ ಡೀಸೆಲಿನ ವಾಸನೆಯಿದ್ದರೆ ಎಣ್ಣೆಯು ಉರಿಯದೆ ಹೊರಬೀಳುತ್ತಿದೆ. ಬೆಳಗಿನ ತಂಪಿನಲ್ಲಿ ಮಾತ್ರ ಹೀಗಾಗಿ, ಎಂಜಿನು ಬಿಸಿಯಾದ ಮೇಲೆ ನಡುಕವೂ ಹೊಗೆಯೂ ನಿಂತುಹೋದರೆ, ಮೊದಲು ಸಂಶಯಿಸತಕ್ಕುದು ಸಿಲಿಂಡರನ್ನು ಮುಂಚಿತವಾಗಿ ಕಾಯಿಸುವ ಗ್ಲೋ ಪ್ಲಗ್ಗನ್ನು. ಬಿಳಿಯ ಹೊಗೆ ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಪರೀಕ್ಷಿಸಬೇಕು. ಕಪ್ಪು ಹೊಗೆಯೆಂದರೆ ಎಣ್ಣೆಗೆ ತಕ್ಕ ಗಾಳಿಯಿಲ್ಲ, ಇಲ್ಲವೆ ಇಂಜೆಕ್ಟರು ಚಿಮುಕಿಸುವ ಬದಲು ಸುರಿಯುತ್ತಿದೆ. ನೀಲಿಯ ಹೊಗೆಯೆಂದರೆ ಎಂಜಿನ್ ಆಯಿಲು ಉರಿಯುತ್ತಿದೆ. ಒಳಗಿನ ಸವಕಳಿಯನ್ನು ಸಂಶಯಿಸಲು ನ್ಯಾಯವಾದ ಕಾರಣವಿರುವುದು ಈ ಮೂರನೆಯದರಲ್ಲಿ.

ಡಬ್ಬಿಯ ಪರೀಕ್ಷೆ

ಈಗ ಎಲ್ಲಕ್ಕಿಂತ ಉಪಯುಕ್ತವಾದ ಪರೀಕ್ಷೆ. ಟ್ಯಾಂಕಿನಿಂದ ಬರುವ ಕೊಳವೆಯನ್ನು ಬಿಚ್ಚಿಸಿ, ಹೊಸ ಡೀಸೆಲು ತುಂಬಿದ ಒಂದು ಶುಭ್ರವಾದ ಡಬ್ಬಿಯಿಂದ ಹೊಸ ಕೊಳವೆಯ ಮೂಲಕ ಎಂಜಿನಿಗೆ ಎಣ್ಣೆ ಕೊಡಿಸಬೇಕು. ಮರಳಿ ಬರುವ ಎಣ್ಣೆಯ ಕೊಳವೆಯನ್ನೂ ಆ ಡಬ್ಬಿಗೇ ಬಿಡಬೇಕು. ಆಮೇಲೆ ಕೈಪಂಪನ್ನು ಒತ್ತುತ್ತ, ಫಿಲ್ಟರಿನ ಮೇಲಿನ ತಿರುಪಿನಿಂದ ಗುಳ್ಳೆಗಳೆಲ್ಲ ಹೋಗಿ ಬರಿಯ ಎಣ್ಣೆ ಬರುವವರೆಗೆ ಗಾಳಿಯನ್ನು ಹೊರಹಾಕಬೇಕು. ‘ಏರ್ ಹಿಡಿದಿದೆ’ ಎಂದು ಮೇಸ್ತ್ರಿಗಳು ಹೇಳುವುದು ಈ ಗುಳ್ಳೆಗಳನ್ನೇ. ಹೀಗೆ ಮಾಡಿದ ಮೇಲೆ ಎಂಜಿನು ಹದವಾಗಿ ಓಡಿದರೆ ದೋಷವಿರುವುದು ಟ್ಯಾಂಕಿನಲ್ಲಿ, ಇಲ್ಲವೆ ಅದರ ಕೊಳವೆಗಳಲ್ಲಿ. ಟ್ಯಾಂಕನ್ನು ಇಳಿಸಿ ತೊಳೆಸಿದರೆ ಸಾಕು, ಎಂಜಿನನ್ನು ಇಳಿಸಬೇಕಾಗಿಲ್ಲ.

ಡಬ್ಬಿಯ ಎಣ್ಣೆಯಲ್ಲೂ ನಡುಕ ನಿಲ್ಲದಿದ್ದರೆ ಸೋತ ಸಿಲಿಂಡರು ಯಾವುದೆಂದು ಹುಡುಕಬೇಕು. ಹಳೆಯ ಮಾದರಿಯ ಪಂಪುಳ್ಳ ಎಂಜಿನುಗಳಲ್ಲಿ ಮೇಸ್ತ್ರಿಯು ಒಂದೊಂದೇ ಇಂಜೆಕ್ಟರಿನ ಕೊಳವೆಯ ನಟ್ಟನ್ನು ತುಸು ಸಡಿಲಿಸಿ ನೋಡುತ್ತಾನೆ. ಸಡಿಲಿಸಿದಾಗ ಎಂಜಿನು ಇನ್ನಷ್ಟು ಕುಸಿದರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಏನೂ ವ್ಯತ್ಯಾಸವಾಗದಿದ್ದರೆ ಸೋತುದು ಅದೇ. ಇದನ್ನು ನಮ್ಮ ವಾಚಕರು ತಾವೇ ಮಾಡಬಾರದು. ಆ ಕೊಳವೆಯಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಸೇರಬಲ್ಲುದು. ಹಾಗಾದಲ್ಲಿ ಗಾಯವು ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಹೊಸ ಮಾದರಿಯ ಕಾಮನ್ ರೈಲ್ ಎಂಜಿನುಗಳಲ್ಲಿ ಒತ್ತಡವು ಮತ್ತೂ ಭೀಕರವಾದುದರಿಂದ ಅಲ್ಲಿ ಈ ಕ್ರಮವು ಸರ್ವಥಾ ನಿಷಿದ್ಧ.

ಸೋತ ಸಿಲಿಂಡರಿನ ಇಂಜೆಕ್ಟರನ್ನು ತೆಗೆದು ಪರೀಕ್ಷೆಗೆ ಕೊಡಬೇಕು. ಪಂಪ್ ಸ್ಟೌವಿನ ನಿಪ್ಪಲ್ಲಿಗೆ ಕಸ ಕಟ್ಟಿದಾಗ ಜ್ವಾಲೆ ಒಂದು ಕಡೆಗೆ ವಾಲಿ, ಹಳದಿಯಾಗಿ, ಪಾತ್ರೆಗೆ ಮಸಿ ಹಿಡಿಯುವುದನ್ನು ಅಡುಗೆಮನೆಯಲ್ಲಿ ದುಡಿದವರೆಲ್ಲರೂ ಕಂಡಿದ್ದಾರೆ. ಆಗ ಯಾರೂ ಸ್ಟೌವನ್ನೇ ಒಡೆದುಹಾಕುವುದಿಲ್ಲ. ಅಂಟು ಕಟ್ಟಿದ ಇಂಜೆಕ್ಟರಿನ ಕಥೆಯೂ ಅದೇ.

ಇಂಜೆಕ್ಟರೂ ಸರಿಯಿದ್ದರೆ ಮಾತ್ರ ಕೊನೆಯ ಪ್ರಶ್ನೆ: ಅದುಮು ಎಷ್ಟಿದೆ? ಕಂಪ್ರೆಷನ್ ಗೇಜು ಹಾಕಿ ಪ್ರತಿ ಸಿಲಿಂಡರಿನ ಅಂಕಿಯನ್ನೂ ಬರೆದು ಕೊಡೆಂದು ಮೇಸ್ತ್ರಿಯನ್ನು ಕೇಳಿರಿ. ಅಂಕಿಗಳು ತಕ್ಕಷ್ಟಿದ್ದು ಒಂದಕ್ಕೊಂದು ಸಮೀಪವಾಗಿದ್ದರೆ ಎಂಜಿನನ್ನು ಬಿಚ್ಚಲು ಕಾರಣವಿಲ್ಲ. ಒಂದು ಬಹಳ ಕೆಳಗಿದ್ದರೆ ವಾಲ್ವು ಅಂಟಿರಬಹುದು, ರಿಂಗು ಹಿಡಿದಿರಬಹುದು. ನಿಂತದ್ದರಿಂದ ಹಿಡಿದ ರಿಂಗುಗಳು ಹೊಸ ಆಯಿಲು ಹಾಕಿ ಕೆಲವು ದಿನ ಹಗುರವಾಗಿ ಓಡಿಸಿದಾಗ ಬಿಟ್ಟುಕೊಳ್ಳುವುದುಂಟು. ಅದಕ್ಕೂ ಬಗ್ಗದಿದ್ದರೆ ಎಂಜಿನನ್ನು ಇಳಿಸುವುದೇ ಸರಿ. ಆಗ ಹಣ ಹೋದರೂ ಅದು ಅಂಧಶ್ರದ್ಧೆಗೆ ಹೋದ ಹಣವಾಗದು.

ಪೆಟ್ರೋಲ್ ಗಾಡಿಗಳು

ಕಾರ್ಬೊರೇಟರುಳ್ಳ ಹಳೆಯ ಮಾರುತಿ ಓಮ್ನಿಯಂಥ ಗಾಡಿಗಳಲ್ಲಿ ಕಥೆ ತುಸು ಬೇರೆ. ನಿಂತ ಪೆಟ್ರೋಲಿನ ಹಗುರವಾದ ಅಂಶ ಆರಿಹೋಗಿ, ಉಳಿದದ್ದು ವಾರ್ನಿಷಿನಂತೆ ಜೆಟ್ಟುಗಳಿಗೆ ಅಂಟುತ್ತದೆ. 2025ರಲ್ಲಿ ನಮ್ಮ ದೇಶವು ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಮುಟ್ಟಿತು. ಎಥನಾಲು ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನು ಮೊದಲು ಹೀರುವುದು ಆ ತಳದ ದ್ರವವನ್ನೇ. ಹಳೆಯ ಪೆಟ್ರೋಲನ್ನು ಬಸಿದು, ಪ್ಲಗ್ಗುಗಳನ್ನು ಬದಲಿಸಿ, ಕಾರ್ಬೊರೇಟರನ್ನು ತೊಳೆಸುವುದೇ ಮೊದಲ ಚಿಕಿತ್ಸೆ. ಸ್ಟೌವಿಗೆ ಪಿನ್ನು ಸರಿ. ಜೆಟ್ಟಿಗೆ ಮಾತ್ರ ಉಕ್ಕಿನ ತಂತಿ ತೂರಿಸಬಾರದು. ರಂಧ್ರವು ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ.

ಎಂಜಿನು ಹದಕ್ಕೆ ಬಂದೊಡನೆ ಮೂಟೆ ಹೇರಿ ಹೊರಡತಕ್ಕದ್ದಲ್ಲ. ನಿಂತ ಗಾಡಿಯಲ್ಲಿ ಬ್ರೇಕುಗಳೂ ತುಕ್ಕು ಹಿಡಿಯುತ್ತವೆ, ಬ್ರೇಕ್ ಆಯಿಲೂ ತೇವ ಹೀರುತ್ತದೆ, ಟೈರು ಬಿರಿಯುತ್ತದೆ. ಓಡದ ಗಾಡಿ ಹಣವನ್ನಷ್ಟೇ ತಿನ್ನುತ್ತದೆ. ನಿಲ್ಲದ ಗಾಡಿ ಪ್ರಾಣವನ್ನೇ ತಿನ್ನುತ್ತದೆ. ಎಂಟು ವರ್ಷ ಮೀರಿದ ಸರಕುಗಾಡಿಗೆ ವರ್ಷವರ್ಷವೂ ಯೋಗ್ಯತಾಪತ್ರವನ್ನು ನವೀಕರಿಸಬೇಕೆಂಬ ನಿಯಮವುಂಟು. ವಿಮೆಯ ಅವಧಿಯನ್ನೂ ನೋಡಿಕೊಳ್ಳಬೇಕು.

ಮೇಸ್ತ್ರಿಗಳನ್ನು ಅವಿಶ್ವಾಸದಿಂದ ಕಾಣಬೇಕೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಮೇಸ್ತ್ರಿಯು ಈ ಪ್ರಶ್ನೆಗಳನ್ನು ಕೇಳಿ ಸಂತೋಷಪಡುತ್ತಾನೆ. ಗಾಳಿ, ಎಣ್ಣೆ, ಅದುಮು ಎಂಬ ಈ ಕ್ರಮವನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡು ಹೋಗಿರಿ. ಮೂರನೆಯದರ ಅಂಕಿ ಕೈಗೆ ಬರುವವರೆಗೆ ಎಂಜಿನ್ ಇಳಿಸಲು ಮುಂಗಡ ಕೊಡಬೇಡಿರಿ.